ಸುತ್ತಿನ ಲೆಕ್ಕ, ಚಮಚದ ಲೆಕ್ಕ

ಜಾಯಿಕಾಯಿಯನ್ನು ಹಿಂದೆ ನಮ್ಮ ಮನೆಗಳಲ್ಲಿ ಪುಡಿ ಮಾಡಿ ಡಬ್ಬಿ ತುಂಬಿಸಿ ಇಡುತ್ತಿರಲಿಲ್ಲ. ಇಡೀ ಕಾಯಿ ಬಟ್ಟೆಯ ಗಂಟಿನಲ್ಲೋ ಸಣ್ಣ ಭರಣಿಯಲ್ಲೋ ಇರುತ್ತಿತ್ತು. ಬೇಕಾದಾಗ ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ಹಾಲು ಬಿಟ್ಟು ತೇಯುತ್ತಿದ್ದರು. ಎಷ್ಟು ತೇಯಬೇಕು ಎನ್ನುವುದಕ್ಕೆ ಸುತ್ತಿನ ಲೆಕ್ಕ. ಎಳೆಯ ಮಗುವಿಗೆ ಒಂದೇ ಸುತ್ತು, ನಡೆಯಲು ಕಲಿತ ಮೇಲೆ ಎರಡು, ದೊಡ್ಡವರಿಗಾದರೆ ನಾಲ್ಕೈದು. ಕಾಯಿ ಗಟ್ಟಿ, ಕಲ್ಲು ನುಣುಪು. ಎಷ್ಟೇ ಒತ್ತಿ ತಿರುಗಿಸಿದರೂ ಕಲ್ಲಿಗೆ ಹತ್ತುತ್ತಿದ್ದದ್ದು ಕಂದು ಬಣ್ಣದ ಒಂದು ತೆಳು ಗೆರೆ. ಒಂದೇ ಕಾಯಿ ಅಕ್ಕನಿಗೂ ಆಗಿ, ತಮ್ಮನಿಗೂ ಆಗಿ, ಇನ್ನೂ ಅರ್ಧ ಉಳಿದಿರುತ್ತಿತ್ತು.

ಈಗ ಅದೇ ಕಾಯಿ ಮಿಕ್ಸಿಗೆ ಬಿದ್ದು ಅರೆ ನಿಮಿಷದಲ್ಲಿ ಪುಡಿಯಾಗುತ್ತದೆ. ಮೊಬೈಲಿನಲ್ಲಿ ನೋಡಿದ ಯಾವುದೋ ವಿಡಿಯೊ ‘ಅರ್ಧ ಚಮಚ ಹಾಲಿಗೆ ಹಾಕಿ’ ಎನ್ನುತ್ತದೆ. ಗಿಡ ಅದೇ, ಹೆಸರು ಅದೇ, ಅಜ್ಜಿ ಕಾಲದ ಮದ್ದು ಎಂಬ ನಂಬಿಕೆಯೂ ಅದೇ. ಬದಲಾಗಿರುವುದು ಪ್ರಮಾಣ. ಹಿಂದಿನವರು ಅದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಕಲ್ಲೇ ಅದನ್ನು ಕಾಯುತ್ತಿತ್ತು. ಹಾಗಾಗಿ ಮಲಗುವ ಮುನ್ನ ಮನೆಮಂದಿಗೆ ಏನಾದರೂ ಮೂಲಿಕೆ ಕೊಡಬೇಕು ಎಂದು ಹೊರಟವರು ‘ಯಾವುದು’ ಎಂದು ಕೇಳುವ ಮೊದಲು ‘ಎಷ್ಟು’ ಮತ್ತು ‘ಯಾರಿಗೆ’ ಎಂದು ಕೇಳಿಕೊಳ್ಳಬೇಕಾಗಿದೆ.

ಜಾಯಿಕಾಯಿಯ ತಡವಾದ ಉತ್ತರ

ನಿದ್ದೆಯ ಮದ್ದು ಎಂದರೆ ನಮ್ಮಲ್ಲಿ ಮೊದಲು ಬಾಯಿಗೆ ಬರುವುದು ಜಾಯಿಕಾಯಿ. ಇಂಡೊನೇಷ್ಯಾದ ಬಾಂಡಾ ದ್ವೀಪಗಳ ಮೂಲದ ಈ ಮರ ಇವತ್ತು ಉತ್ತರ ಕನ್ನಡ, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಉಪಬೆಳೆ. ಹೊರಗಿನ ದಪ್ಪ ಸಿಪ್ಪೆ ಉಪ್ಪಿನಕಾಯಿಗೆ, ಬೀಜಕ್ಕೆ ಸುತ್ತಿಕೊಂಡ ಕೆಂಪು ಜಾಪತ್ರೆ ಮಸಾಲೆಗೆ, ಒಳಗಿನ ಬೀಜವೇ ಜಾಯಿಕಾಯಿ. ಅದರ ಎಣ್ಣೆಯಲ್ಲಿ ಮಿರಿಸ್ಟಿಸಿನ್, ಎಲಿಮಿಸಿನ್ ಎಂಬ ಅಂಶಗಳಿವೆ. ಚಿಟಿಕೆಯಷ್ಟಿದ್ದರೆ ಅದು ಪಾಯಸದ ಪರಿಮಳ. ಸುಮಾರು 5 ಗ್ರಾಂ ದಾಟಿದರೆ ವಿಷ. ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆ ತೊಳಸುತ್ತದೆ, ದಿಕ್ಕು ತಪ್ಪಿದಂತಾಗುತ್ತದೆ, ಇಲ್ಲದ್ದು ಕಣ್ಣಿಗೆ ಕಾಣಬಹುದು. ಒಂದು ದಿನವಾದರೂ ಪೂರ್ತಿ ಇಳಿಯುವುದಿಲ್ಲ.

5 ಗ್ರಾಂ ಎಂದರೆ ದೊಡ್ಡ ಪ್ರಮಾಣವೆಂದು ತೋರಬಹುದು. ಮಧ್ಯಮ ಗಾತ್ರದ ಒಂದು ಜಾಯಿಕಾಯಿ ತೂಗುವುದೇ ಹೆಚ್ಚುಕಡಿಮೆ ಅಷ್ಟು. ಟೀ ಚಮಚದ ತುಂಬ ಪುಡಿ ತೆಗೆದುಕೊಂಡರೆ 2 ಗ್ರಾಂ ಮುಟ್ಟುತ್ತದೆ. ಎರಡು ಧಾರಾಳ ಚಮಚ ಬಿದ್ದರೆ ದೊಡ್ಡವರೇ ಅಪಾಯದ ಅಂಚಿಗೆ ಬರುತ್ತಾರೆ, ಹತ್ತು ಕಿಲೋ ತೂಗುವ ಮಗುವಿನ ಮಾತು ಬೇರೆ ಹೇಳಬೇಕಾಗಿಲ್ಲ.

ಇದಕ್ಕಿಂತ ಮೋಸದ ವಿಷಯ ಇನ್ನೊಂದಿದೆ. ಜಾಯಿಕಾಯಿಯ ಪರಿಣಾಮ ಕುಡಿದ ತಕ್ಷಣ ಕಾಣಿಸುವುದಿಲ್ಲ, ಮೂರರಿಂದ ಆರು ಗಂಟೆ ಹಿಡಿಯುತ್ತದೆ. ಒಂಬತ್ತಕ್ಕೆ ಕುಡಿದು ಹತ್ತೂವರೆಗೂ ನಿದ್ದೆ ಬರಲಿಲ್ಲವೆಂದು ಇನ್ನೊಂದು ಲೋಟ ಕುಡಿದವರಿಗೆ ಎರಡೂ ಸೇರಿ ನಡುರಾತ್ರಿಯ ಮೇಲೆ ಉತ್ತರ ಕೊಡುತ್ತವೆ. ದೊಡ್ಡವರ ಒಂದು ಲೋಟ ಹಾಲಿಗೆ ಸಾಣೆಕಲ್ಲಿನ ಮೂರು ನಾಲ್ಕು ಸುತ್ತು, ಕಲ್ಲಿಲ್ಲದವರಿಗೆ ಸಣ್ಣ ತುರಿಮಣೆಯಲ್ಲಿ ಉಜ್ಜಿದ ಸಾಸಿವೆ ಕಾಳಿನಷ್ಟು ತುರಿ, ಅಲ್ಲಿಗೆ ಸಾಕು. ಅದೂ ನಿತ್ಯದ ರೂಢಿಯಾಗುವುದು ಬೇಡ. ಎರಡನೇ ಲೋಟ ಯಾವ ಕಾರಣಕ್ಕೂ ಬೇಡ.

ಚರಕನ ಪಟ್ಟಿಯಲ್ಲಿ ಏನಿದೆ?

ಮೂಲಿಕೆಯೇ ನಿದ್ದೆ ತರಿಸುತ್ತದೆ ಎನ್ನುವವರು ಆಯುರ್ವೇದದ ಹೆಸರು ಹೇಳುತ್ತಾರೆ. ಆಯುರ್ವೇದದ ಮೂಲಗ್ರಂಥವಾದ ಚರಕ ಸಂಹಿತೆಯನ್ನೇ ತೆರೆದು ನೋಡಿದರೆ ಚಿತ್ರ ಬೇರೆ. ಸೂತ್ರಸ್ಥಾನದ 21ನೇ ಅಧ್ಯಾಯದಲ್ಲಿ ನಿದ್ದೆಗೆಟ್ಟವರಿಗೆ ಏನು ಮಾಡಬೇಕೆಂಬ ಪಟ್ಟಿ ಇದೆ. ಮೈಗೆ ಎಣ್ಣೆ ಹಚ್ಚುವುದು, ಸ್ನಾನ, ಅಕ್ಕಿಯನ್ನ, ಮೊಸರು, ಹಾಲು, ತುಪ್ಪದಂಥ ಜಿಡ್ಡು, ಮಾಂಸದ ಸಾರು, ಮದ್ಯ, ಮನಸ್ಸಿಗೆ ಹಿತವಾದದ್ದು, ಇಷ್ಟವಾದ ಪರಿಮಳ ಮತ್ತು ಸದ್ದು, ಮೈಕೈ ಒತ್ತಿಸಿಕೊಳ್ಳುವುದು, ಒಳ್ಳೆಯ ಹಾಸಿಗೆ, ಹಿತವಾದ ಮನೆ, ಸರಿಯಾದ ಹೊತ್ತು. ಬೇರುನಾರುಗಳ ಕಷಾಯ ಅಲ್ಲಿ ಮುಖ್ಯವೇ ಅಲ್ಲ. 25ನೇ ಅಧ್ಯಾಯದಲ್ಲಿ ಆಯಾ ಕೆಲಸಕ್ಕೆ ಎಲ್ಲಕ್ಕಿಂತ ಮೇಲಾದದ್ದು ಯಾವುದು ಎಂದು ಹೇಳುವಾಗ, ನಿದ್ದೆ ತರುವುದರಲ್ಲಿ ಎಮ್ಮೆಯ ಹಾಲಿಗೆ ಮೊದಲ ಸ್ಥಾನ. ಮದ್ಯವೊಂದನ್ನು ಬಿಟ್ಟರೆ ಈ ಪಟ್ಟಿಯಲ್ಲಿ ಇವತ್ತಿನ ವೈದ್ಯರು ತಕರಾರು ಎತ್ತುವಂಥದ್ದು ಹೆಚ್ಚೇನಿಲ್ಲ. ಮದ್ಯ ಬೇಗ ಕಣ್ಣು ಮುಚ್ಚಿಸಿದರೂ ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಕೆಡಿಸುತ್ತದೆ.

ಕಾಲಿಗೆ ಹರಳೆಣ್ಣೆ ತಿಕ್ಕುವುದು, ಬಿಸಿನೀರಲ್ಲಿ ಕಾಲು ತೊಳೆದು ಮಲಗುವುದು ಬರೀ ಸಂಪ್ರದಾಯವೆಂದು ತಳ್ಳುವಂತಿಲ್ಲ. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ತುಸು ಇಳಿಯಬೇಕು. ಅಂಗೈ ಅಂಗಾಲಿನ ರಕ್ತನಾಳಗಳು ಹಿಗ್ಗಿದರೆ ಒಳಗಿನ ಶಾಖ ಅಲ್ಲಿಂದ ಹೊರಗೆ ಹೋಗುತ್ತದೆ. ಪಾದ ಬೆಚ್ಚಗಾದವರಿಗೆ ನಿದ್ದೆ ಬೇಗ ಬರುತ್ತದೆ ಎಂದು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನ ಸಂಶೋಧಕರು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಹರಳೆಣ್ಣೆಯೇ ಆಗಬೇಕೆಂದಿಲ್ಲ, ಕೊಬ್ಬರಿ ಎಣ್ಣೆಯಾದರೂ ಎಳ್ಳೆಣ್ಣೆಯಾದರೂ ನಡೆಯುತ್ತದೆ. ತಿಕ್ಕುವ ಕೈ, ಬೆಚ್ಚಗಾಗುವ ಪಾದ ಮುಖ್ಯ.

ಹಾಲಿನ ವಿಷಯವೂ ಹೀಗೆಯೇ. ಹಾಲಿನಲ್ಲಿ ಟ್ರಿಪ್ಟೊಫ್ಯಾನ್ ಇದೆ, ಅದರಿಂದಲೇ ದೇಹ ನಿದ್ದೆಯ ಹಾರ್ಮೋನಾದ ಮೆಲಟೋನಿನ್ ತಯಾರಿಸುತ್ತದೆ ಎಂಬ ವಿವರಣೆ ಎಲ್ಲರಿಗೂ ಬಾಯಿಪಾಠ. ಮಾತು ಸುಳ್ಳಲ್ಲ, ಆದರೆ ಒಂದು ಲೋಟದಲ್ಲಿರುವ ಪ್ರಮಾಣ ತೀರ ಕಡಿಮೆ, ಮಿದುಳಿಗೆ ಹೋಗುವ ದಾರಿಯಲ್ಲಿ ಹಾಲಿನದೇ ಬೇರೆ ಅಮಿನೋ ಆಮ್ಲಗಳ ಜೊತೆ ಅದು ಪೈಪೋಟಿಗೆ ಬೀಳಬೇಕು. ರಾತ್ರಿಯ ಹಾಲಿನ ಗುಣ ಹೆಚ್ಚಾಗಿ ಬಿಸಿಯದ್ದು, ಹಸಿವು ಅಡಗಿಸುವುದರದ್ದು, ದಿನವೂ ಅದೇ ಹೊತ್ತಿಗೆ ಕುಡಿದು ಮಲಗುವ ಅಭ್ಯಾಸದ್ದು.

ಕಷಾಯದ ನಿಜವಾದ ಕೆಲಸ

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಕಷಾಯವೆಂದರೆ ರೋಗ ಬಂದಾಗ ಮೂಗು ಹಿಡಿದು ಕುಡಿಯುವ ಕಹಿಯಲ್ಲ. ಕೊತ್ತಂಬರಿ, ಜೀರಿಗೆಯ ಪುಡಿಗೆ ಬೆಲ್ಲ ಹಾಲು ಬೆರೆಸಿ ಕಾಫಿ ಕುಡಿಯುವಂತೆ ಕುಡಿಯುವ ಪೇಯ. ಮಲಗುವ ಹೊತ್ತಿನಲ್ಲಿ ಅದರ ದೊಡ್ಡ ಉಪಕಾರ ಅದರಲ್ಲಿ ಇಲ್ಲದ ಒಂದು ವಸ್ತುವಿನಿಂದ ಬರುತ್ತದೆ. ಅದರಲ್ಲಿ ಕೆಫೀನ್ ಇಲ್ಲ.

ಎಚ್ಚರವಾಗಿರುವ ಅಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡಿಕೊಳ್ಳುತ್ತಾ ಹೋಗುತ್ತದೆ. ಅದು ಹೆಚ್ಚಾದಂತೆ ಕಣ್ಣು ಎಳೆಯುತ್ತದೆ. ಕೆಫೀನ್ ಅದರ ಜಾಗದಲ್ಲಿ ತಾನು ಕೂತು ಆ ಸೂಚನೆಯನ್ನು ತಡೆಯುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ದೊಡ್ಡವರ ದೇಹಕ್ಕೆ ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಸಂಜೆ ಐದಕ್ಕೆ ಕುಡಿದ ಗಟ್ಟಿ ಫಿಲ್ಟರ್ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ನಾಡಿನವರು ನಾವು, ಊಟವಾದ ಮೇಲೂ ‘ಬೈ ಟು’ ಹೇಳುವವರು. ಅಂಥ ಮನೆಯಲ್ಲಿ ರಾತ್ರಿಯ ಕಾಫಿ ಹೋಗಿ ಕಷಾಯ ಬಂದರೆ ನಿದ್ದೆ ಸುಧಾರಿಸುವುದರಲ್ಲಿ ಅಚ್ಚರಿಯಿಲ್ಲ. ಕೀರ್ತಿ ಕೊತ್ತಂಬರಿಗೆ ಹೋದರೂ ನಷ್ಟವಿಲ್ಲ. ಅಂದ ಹಾಗೆ, ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ದೊಡ್ಡ ಪಾಲು ಲಿನಲೂಲ್ ಎಂಬ ಪರಿಮಳದ ಅಂಶ, ಹಿತವಾದ ವಾಸನೆಗೆ ಜಗತ್ತೆಲ್ಲ ಹೊಗಳುವ ಲ್ಯಾವೆಂಡರ್ ಹೂವಿನಲ್ಲಿ ಇರುವುದೂ ಅದೇ. ದುಬಾರಿ ಶೀಶೆಯಲ್ಲಿ ಬರುವ ಪರಿಮಳದ ಬಡ ನೆಂಟ ನಮ್ಮ ಸಾರಿನಪುಡಿಯ ಡಬ್ಬಿಯಲ್ಲಿದ್ದಾನೆ.

ರಾತ್ರಿಗೆ ಹೊಂದುವ ಕಷಾಯದ ಪುಡಿ ಹೀಗೆ ಮಾಡಬಹುದು. ಒಂದು ಬಟ್ಟಲು ಕೊತ್ತಂಬರಿ ಬೀಜಕ್ಕೆ ಕಾಲು ಬಟ್ಟಲು ಜೀರಿಗೆ, ಎರಡು ಚಮಚ ಸೋಂಪು, ಅರ್ಧ ಚಮಚ ಮೆಂತ್ಯ, ಐದಾರು ಏಲಕ್ಕಿ. ಒಂದೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಬಣ್ಣ ಬದಲಾಗುವವರೆಗೆ ಕಾಯುವುದು ಬೇಡ, ಕೈಗೆ ಬಿಸಿ ತಾಗಿ ಘಮ ಬಂದರೆ ಇಳಿಸಿ. ಮೆಂತ್ಯ ಕಂದಿದರೆ ಇಡೀ ಪುಡಿ ಕಹಿ. ಪೂರ್ತಿ ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ ಗಾಜಿನ ಭರಣಿಯಲ್ಲಿ ಇಟ್ಟರೆ ಒಂದು ತಿಂಗಳು ಘಮ ಉಳಿಯುತ್ತದೆ. ಹಗಲಿನ ಕಷಾಯಕ್ಕೆ ಹಾಕುವ ಕಾಳುಮೆಣಸು, ಒಣಶುಂಠಿ ಇಲ್ಲಿ ಬೇಡ. ಮಲಗುವ ಹೊತ್ತಿಗೆ ಎದೆಯುರಿ ಎಬ್ಬಿಸುವವು ಅವೇ.

ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಮೂರು ನಾಲ್ಕು ನಿಮಿಷ ಕುದಿಸಿ, ಬೇಕಾದರೆ ಬೆಲ್ಲ ಕರಗಿಸಿ, ಒಲೆ ಆರಿಸಿದ ಮೇಲೆ ಕಾಯಿಸಿದ ಹಾಲು ಸೇರಿಸಬೇಕು. ಬೆಲ್ಲದ ಜೊತೆ ಹಾಲನ್ನೂ ಕುದಿಸಿದರೆ ಒಡೆಯುವ ಸಂಭವವಿದೆ. ಮಲಗುವುದಕ್ಕೆ ಒಂದೂವರೆ ಗಂಟೆ ಮೊದಲೇ ಕುಡಿದು ಮುಗಿಸುವುದು ಒಳ್ಳೆಯದು. ಹಾಸಿಗೆ ಸೇರುವಾಗ ದೊಡ್ಡ ಲೋಟ ಕುಡಿದ ಹಿರಿಯರು ನಿದ್ದೆಯ ನಡುವೆ ಬಚ್ಚಲಿಗೆ ಎದ್ದು ಹೋಗಬೇಕಾಗುತ್ತದೆ, ಕತ್ತಲಲ್ಲಿ ಎಡವಿ ಬೀಳುವುದೂ ಉಂಟು.

ಎಲೆಗಳಿಗೆ ಬೇರೆ ಕ್ರಮ. ಮಜ್ಜಿಗೆ ಹುಲ್ಲು, ತುಳಸಿಯ ಪರಿಮಳವೆಲ್ಲ ಬೇಗ ಆವಿಯಾಗುವ ಎಣ್ಣೆಯಲ್ಲಿರುತ್ತದೆ. ಕುದಿಸಿದರೆ ಅಡುಗೆಮನೆ ಘಮಘಮ, ಲೋಟ ಸಪ್ಪೆ. ಕುದಿದ ನೀರನ್ನು ಇಳಿಸಿ, ಎಲೆ ಹಾಕಿ, ಐದಾರು ನಿಮಿಷ ಮುಚ್ಚಿಟ್ಟು ಸೋಸಿಕೊಂಡರೆ ಸಾಕು. ಶಾಸ್ತ್ರದಲ್ಲಿ ಇದಕ್ಕೆ ಫಾಂಟ ಎನ್ನುತ್ತಾರೆ. ಲಾವಂಚದ ಬೇರನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸುವ ಕ್ರಮ ಹಿಮ. ಶಾರ್ಙ್ಗಧರ ಸಂಹಿತೆ ಫಾಂಟಕ್ಕೆ ಒಂದು ಪಾಲು ಮೂಲಿಕೆಗೆ ನಾಲ್ಕು ಪಾಲು ನೀರು, ಹಿಮಕ್ಕೆ ಆರು ಪಾಲು ಎಂದು ಹೇಳುತ್ತದೆ. ವೈದ್ಯರು ಬರೆದುಕೊಡುವ ಕಷಾಯದಲ್ಲಿ ಗಟ್ಟಿ ಬೇರುಗಳಿಗೆ ಹದಿನಾರು ಪಾಲು ನೀರೆರೆದು ಕುದಿಸಿ ಬತ್ತಿಸುತ್ತಾರೆ. ನಾವು ಲೋಟಕ್ಕೆ ಒಂದು ಚಮಚ ಹಾಕುವುದು ಈ ಯಾವ ಲೆಕ್ಕಕ್ಕೂ ಸಮವಲ್ಲ, ಬಹಳ ತಿಳಿ. ಮನೆಮಂದಿಯೆಲ್ಲ ಕುಡಿಯಬಹುದಾದದ್ದು ಆ ತಿಳಿತನದಿಂದಲೇ. ಗುಣ ಹೆಚ್ಚಲೆಂದು ಅದನ್ನು ಗಟ್ಟಿ ಮಾಡಹೊರಟರೆ ಅಡುಗೆಮನೆ ಬಿಟ್ಟು ಔಷಧಾಲಯಕ್ಕೆ ಕಾಲಿಟ್ಟಂತೆ, ಅಲ್ಲಿ ವೈದ್ಯರಿರಬೇಕು.

ಗಸಗಸೆಯ ಆರೋಪ

ಹಳೆ ಮೈಸೂರಿನ ಕಡೆ ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಗೊರಕೆ ಹೊಡೆದವರ ಕತೆ ಪ್ರತಿ ಮನೆಯಲ್ಲೂ ಇರುತ್ತದೆ. ಅಫೀಮಿನ ಗಿಡದ ಬೀಜವಾದ್ದರಿಂದ ಅಮಲು ಬರುತ್ತದೆ ಎಂಬ ಪಿಸುಮಾತೂ ಜೊತೆಗಿರುತ್ತದೆ. ಗಿಡ ಅದೇ ಹೌದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಕೆಲವು ಕಡೆ ಕೇಂದ್ರ ಸರ್ಕಾರದ ಪರವಾನಗಿ ಪಡೆದು ಅದನ್ನು ಬೆಳೆಯುತ್ತಾರೆ. ಅಫೀಮು ಇರುವುದು ಹಸಿ ಕಾಯಿಯ ಸಿಪ್ಪೆಯಿಂದ ಜಿನುಗುವ ಹಾಲಿನಲ್ಲಿ. ಬಲಿತ ಬೀಜದ ಒಳಗೆ ಅದು ಇಲ್ಲವೆನ್ನುವಷ್ಟು ಕಡಿಮೆ, ಕೊಯ್ಲಿನಲ್ಲಿ ಮೇಲೆ ಅಂಟಿಕೊಂಡ ಅಲ್ಪಸ್ವಲ್ಪವೂ ತೊಳೆದು ಹುರಿದಾಗ ಇನ್ನಷ್ಟು ಇಳಿಯುತ್ತದೆ. ಹಬ್ಬದ ದಿನ ಒಬ್ಬಟ್ಟು, ಚಿತ್ರಾನ್ನ, ಆಂಬೊಡೆ ಎಲ್ಲ ಮುಗಿಸಿ ಮೇಲೆ ಎರಡು ಲೋಟ ಪಾಯಸ ಕುಡಿದವರ ನಿದ್ದೆಗೆ ಗಸಗಸೆಯನ್ನೊಂದೇ ಹೊಣೆ ಮಾಡುವುದು ನ್ಯಾಯವಲ್ಲ.

ಹುರಿದು, ಕಾಯಿತುರಿಯ ಜೊತೆ ರುಬ್ಬಿ, ಕುದಿಸಿದ ಪಾಯಸ ಊಟದ ಪದಾರ್ಥ. ಅದೇ ಬೀಜವನ್ನು ತೊಳೆಯದೆ, ಹುರಿಯದೆ, ಕಿಲೋಗಟ್ಟಲೆ ನೆನೆಸಿ ಆ ನೀರನ್ನು ಕುಡಿಯುವ ಚಟ ಬೇರೆ ದೇಶಗಳಲ್ಲಿ ಜೀವ ತೆಗೆದಿದೆ. ಇಲ್ಲೂ ಪ್ರಮಾಣ ಮತ್ತು ವಿಧಾನವೇ ಅನ್ನವನ್ನು ಮಾದಕವಸ್ತುವಿನಿಂದ ಬೇರ್ಪಡಿಸುವುದು. ಗಲ್ಫ್‌ನಲ್ಲಿರುವ ಮಕ್ಕಳಿಗೆ ಪೊಟ್ಟಣ ಕಟ್ಟಿ ಕಳಿಸುವ ಕರಾವಳಿಯ ತಾಯಂದಿರು ನೆನಪಿಡಬೇಕಾದ ಒಂದು ಮಾತೂ ಇದೆ: ಯುಎಇ, ಸೌದಿ ಅರೇಬಿಯಾಗಳಲ್ಲಿ ಗಸಗಸೆ ನಿಷಿದ್ಧ, ಸಿಂಗಪುರಕ್ಕೂ ಒಯ್ಯುವಂತಿಲ್ಲ. ಒಂದು ಹಿಡಿ ಗಸಗಸೆಯಿಂದ ಮಗ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳಬಹುದು.

ಒಂದೆಲಗದ ಎಣ್ಣೆ

ಕುಡಿಯುವುದಕ್ಕಿಂತ ಹಚ್ಚುವುದು ಕಡಿಮೆ ಅಪಾಯದ ದಾರಿ. ನೆತ್ತಿಗೆ ಹಚ್ಚುವ ಬ್ರಾಹ್ಮಿ ಎಣ್ಣೆಯನ್ನು ನಮ್ಮ ಕಡೆ ಹೆಚ್ಚಾಗಿ ಒಂದೆಲಗದಿಂದ ಮಾಡುತ್ತಾರೆ. ತುಳುವರ ತಿಮರೆ, ತಂಬುಳಿಗೆ ಹಾಕುವ ಸೊಪ್ಪು ಇದೇ. ನೀರುಬ್ರಾಹ್ಮಿ ಇದಲ್ಲ, ಅದು ದಪ್ಪನೆಯ ಸಣ್ಣ ಎಲೆಗಳ ಬೇರೆಯೇ ಗಿಡ. ಗಿಡ ಕೊಳ್ಳುವಾಗ ಎಲೆ ನೋಡಿ ಕೊಂಡರೆ ಗೊಂದಲವಿಲ್ಲ.

ಎಣ್ಣೆ ಕಾಯಿಸುವುದಕ್ಕೆ ಶಾಸ್ತ್ರದ ಅಳತೆ ಒಂದು ಪಾಲು ಅರೆದ ಮುದ್ದೆ, ನಾಲ್ಕು ಪಾಲು ಎಣ್ಣೆ, ಹದಿನಾರು ಪಾಲು ರಸ. ಮನೆಯ ಲೆಕ್ಕದಲ್ಲಿ ಕಾಲು ಲೀಟರ್ ಕೊಬ್ಬರಿ ಎಣ್ಣೆಗೆ ಸುಮಾರು 60 ಗ್ರಾಂ ಒಂದೆಲಗದ ಮುದ್ದೆ, ಒಂದು ಲೀಟರ್ ಸೊಪ್ಪಿನ ರಸ. ಅಷ್ಟು ಸೊಪ್ಪು ಸಿಗದವರು ಇದ್ದಷ್ಟಕ್ಕೆ ತಕ್ಕಂತೆ ಎಣ್ಣೆ ಕಡಿಮೆ ಮಾಡಿಕೊಳ್ಳಲಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸುತ್ತಾ ಕೈಬಿಡದೆ ತಿರುವಬೇಕು. ನೀರಿನಂಶ ಉಳಿದರೆ ಎಣ್ಣೆ ವಾರದಲ್ಲಿ ಮುಗ್ಗುತ್ತದೆ, ಹೆಚ್ಚು ಕಾದರೆ ಕರಕಲು ವಾಸನೆ. ಹದ ತಿಳಿಯಲು ಹಿಂದಿನವರು ಇಟ್ಟ ಪರೀಕ್ಷೆ ಇವತ್ತಿಗೂ ಸರಿಯಾದದ್ದೇ. ತಳದ ಮುದ್ದೆಯನ್ನು ಚೂರು ತೆಗೆದು, ಆರಿದ ಮೇಲೆ ಬೆರಳುಗಳ ನಡುವೆ ಹೊಸೆದರೆ ಬತ್ತಿಯಂತಾಗಬೇಕು. ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಪಟ ಸದ್ದು ಬರಬಾರದು, ಬಂದರೆ ನೀರು ಇನ್ನೂ ಇದೆ ಎಂದರ್ಥ. ಹದ ಬಂದ ಹೊತ್ತಿಗೆ ಎಣ್ಣೆಯ ಮೇಲೆ ನೊರೆಯೂ ಏಳುತ್ತದೆ. ತಕ್ಷಣ ಇಳಿಸಿ, ಒಣ ಬಟ್ಟೆಯಲ್ಲಿ ಸೋಸಿ, ಒಣಗಿದ ಶೀಶೆಗೆ ತುಂಬಬೇಕು.

ಇದನ್ನು ನೆತ್ತಿಗೆ ತಟ್ಟಿದರೆ ಸ್ಮರಣಶಕ್ತಿ ಬೆಳೆಯುತ್ತದೆ ಎಂದು ನಾನು ಹೇಳಲಾರೆ. ಹತ್ತು ನಿಮಿಷ ಯಾರಾದರೂ ತಲೆ ನೇವರಿಸಿ ಕೂತರೆ ಮಗುವಿನ ಕೈಯಲ್ಲಿನ ಫೋನು ಅಷ್ಟು ಹೊತ್ತು ಕೆಳಗಿರುತ್ತದೆ, ಅದಂತೂ ಖಂಡಿತ. ಒಂದು ಎಚ್ಚರಿಕೆ: ಘಮಕ್ಕೆಂದೋ ತಂಪಿಗೆಂದೋ ಇಂಥ ಎಣ್ಣೆಗೆ ಕರ್ಪೂರ ಹಾಕುವ ರೂಢಿಯಿದೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ. ಕರ್ಪೂರ ಚರ್ಮದಿಂದಲೂ ಒಳಗೆ ಇಳಿಯುತ್ತದೆ, ಬಾಯಿಗೆ ಹೋದರಂತೂ ಸ್ವಲ್ಪವೇ ಮಗುವಿಗೆ ಫಿಟ್ಸ್ ತರಿಸಬಹುದು.

ತೊಟ್ಟಿಲ ಮಗುವಿಗೆ ಏನೂ ಬೇಡ

ಮನೆಮದ್ದಿನ ವಿಷಯದಲ್ಲಿ ಅತಿ ಕಷ್ಟದ ಮಾತು ಇದು, ಅಜ್ಜಿಯರಿಗೆ ಬೇಸರವಾಗುವ ಮಾತೂ ಹೌದು. ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ, ಅರಿಶಿನದ ಕೊಂಬು ತೇಯ್ದು ಎಳೆಗೂಸಿಗೆ ನೆಕ್ಕಿಸುವುದು ಕರ್ನಾಟಕದ ಉದ್ದಗಲಕ್ಕೂ ಇದೆ. ಉತ್ತರ ಕರ್ನಾಟಕದಲ್ಲಿ ಗುಟ್ಟಿ ಎನ್ನುತ್ತಾರೆ. ಬಜೆಯ ಬಳೆ ಮಾಡಿ ಮಗುವಿನ ಕೈಗೆ ಹಾಕುವವರೂ ಇದ್ದಾರೆ, ಮಗು ಅದನ್ನೇ ಚೀಪುತ್ತದೆ. ತುಮಕೂರು ಜಿಲ್ಲೆಯ ಕೊರಟಗೆರೆ ಸುತ್ತ ಬಜೆ ಗದ್ದೆಯ ಬೆಳೆ. ನಮ್ಮ ದೇಶದ ಬಜೆಯ ಎಣ್ಣೆಯಲ್ಲಿ ಬೀಟಾ ಅಸರೋನ್ ಹೆಚ್ಚು. ಇಲಿಗಳಲ್ಲಿ ಅದು ಗಡ್ಡೆ ಬೆಳೆಸಿದ್ದು ಕಂಡು ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಕಲ್ಲಿನ ಒಂದು ಸುತ್ತು ಕಡಿಮೆಯೇ ಇರಬಹುದು. ಆದರೆ ಆ ಕಲ್ಲು, ಆ ನೀರು, ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಆ ಕೊಂಬು ಎಷ್ಟು ಚೊಕ್ಕ ಎಂಬ ಪ್ರಶ್ನೆಯೂ ಇದೆ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ನೀರೂ ಬೇಡ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವರ್ಷ ತುಂಬುವವರೆಗೆ ಜೇನುತುಪ್ಪ ನಾಲಿಗೆಗೆ ಸೋಕಿಸಬಾರದು, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಬೀಜಕಣಗಳು ಎಳೆಗರುಳಿನಲ್ಲಿ ಮೊಳೆತು ಬಾಟ್ಯುಲಿಸಂ ಎಂಬ ನಿಶ್ಶಕ್ತಿಯ ರೋಗ ತರಬಲ್ಲವು.

ಮಗುವನ್ನು ಸುಮ್ಮನಾಗಿಸುವ ಮದ್ದಿನ ಚರಿತ್ರೆಯೇ ಅಷ್ಟು ಹಿತವಾದದ್ದಲ್ಲ. ಕಳೆದ ಶತಮಾನದ ಆರಂಭದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರು ಮಗು ದಿನವಿಡೀ ಮಲಗಿರಲೆಂದು ಅಫೀಮು ಬೆರೆತ ಬಾಲಗೋಲಿ ಕೊಡುತ್ತಿದ್ದರು. ಇಂಗ್ಲೆಂಡಿನ ಗಿರಣಿ ಊರುಗಳಲ್ಲೂ ಅದೇ ಅಫೀಮು ಶೀಶೆಯ ಪಾನಕವಾಗಿತ್ತು. ನಾಟಿಂಗ್‌ಹ್ಯಾಮ್‌ನಲ್ಲಿ 1851ರಲ್ಲಿ ಹುಟ್ಟಿದ ಗ್ರೈಪ್ ವಾಟರಿನಲ್ಲಿ ಸಬ್ಬಸಿಗೆ ಎಣ್ಣೆಯ ಜೊತೆ ಬಹಳ ಕಾಲ ಮದ್ಯಸಾರವೂ ಇತ್ತು. ಇಲ್ಲೆಲ್ಲ ಮದ್ದು ಬೇಕಾಗಿದ್ದದ್ದು ದಣಿದ ತಾಯಿಗೆ, ಕುಡಿಸಿದ್ದು ಮಗುವಿಗೆ. ರಾತ್ರಿ ಅಳುವ ಕೂಸಿಗೆ ಹೊಟ್ಟೆ ತುಂಬಿದೆಯೇ, ತೇಗು ಬಂದಿದೆಯೇ, ಬಟ್ಟೆ ಒದ್ದೆಯೇ, ಜ್ವರವಿದೆಯೇ ನೋಡಬೇಕು. ಆ ಪಾಳಿಯನ್ನು ಅಪ್ಪನೂ ಹಂಚಿಕೊಂಡರೆ ತಾಯಿಗೂ ನಿದ್ದೆ ಸಿಗುತ್ತದೆ.

ಶಾಲೆಗೆ ಹೋಗುವ ಮಕ್ಕಳಿಗೆ ಮೇಲೆ ಹೇಳಿದ ತಿಳಿ ಕಷಾಯ ಅರ್ಧ ಲೋಟ, ಇಲ್ಲವೇ ಏಲಕ್ಕಿ ಹಾಕಿದ ಹಾಲು ಧಾರಾಳವಾಯಿತು. ಜಾಯಿಕಾಯಿ ಅವರಿಗೆ ಬೇಡ.

ಒಂದೇ ಪಾತ್ರೆ, ಹಲವು ಮೈಗಳು

ಮನೆಯ ಉಳಿದವರನ್ನೂ ಒಬ್ಬೊಬ್ಬರನ್ನಾಗಿ ನೋಡಬೇಕು. ಮಾವನವರಿಗೆ ಸಕ್ಕರೆ ಕಾಯಿಲೆಯಿದ್ದರೆ ಕಷಾಯದ ಬೆಲ್ಲವೂ ಲೆಕ್ಕಕ್ಕೆ ಬರುತ್ತದೆ. ಅತ್ತೆಗೆ ರಕ್ತದೊತ್ತಡವಿದ್ದರೆ ಜೇಷ್ಠಮಧು ಹಾಕಿದ ಪುಡಿ ನಿತ್ಯ ಕುಡಿಸಬಾರದು. ಅದರ ಸಿಹಿಯ ಅಂಶವೇ ದೇಹದ ಪೊಟ್ಯಾಸಿಯಂ ಇಳಿಸಿ ಒತ್ತಡ ಏರಿಸುತ್ತದೆ. ಪೇಟೆಯಲ್ಲಿ ಸಿಗುವ ಕಷಾಯದ ಪುಡಿಗಳಲ್ಲಿ ಜೇಷ್ಠಮಧು ಸಾಮಾನ್ಯ, ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಬಸುರಿಗೆ ಅಡುಗೆಗೆ ಹಾಕುವಷ್ಟು ಜೀರಿಗೆ, ಕೊತ್ತಂಬರಿ ಸರಿ, ಅದಕ್ಕಿಂತ ಮೇಲಿನದ್ದೆಲ್ಲ ವೈದ್ಯರನ್ನು ಕೇಳಿಯೇ.

ಅಶ್ವಗಂಧದ ವಿಚಾರ ಬೇರೆಯೇ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಹಿರೇಮದ್ದಿನ ಗಿಡವೆಂದು ಕರೆಯುವ ಇದರ ಬೇರಿಗೆ ನಿದ್ದೆಯ ಗುಣವಿದೆ ಎಂದು ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ. ಅವೆಲ್ಲ ಕೆಲವು ವಾರಗಳಷ್ಟೇ ನಡೆದವು. ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ, ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಥೈರಾಯ್ಡ್ ಮಾತ್ರೆ, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಇದರ ತಂಟೆಗೆ ಹೋಗಬಾರದು. ಇದು ವೈದ್ಯರು ನಾಡಿ ಹಿಡಿದು, ವರದಿ ನೋಡಿ ಕೊಡಬೇಕಾದ ಔಷಧ. ಮನೆಮಂದಿಗೆಲ್ಲ ಒಂದೊಂದು ಚಮಚ ಹಂಚುವ ಪುಡಿಯಲ್ಲ. ಜಟಾಮಾಂಸಿ ಇನ್ನೂ ದೂರದ್ದು. ಹಿಮಾಲಯದಲ್ಲಿ 3000 ಮೀಟರಿಗೂ ಎತ್ತರದಲ್ಲಿ ಬೆಳೆಯುವ ಆ ಸಸ್ಯವನ್ನು ಬೇರುಸಹಿತ ಕಿತ್ತು ಕಿತ್ತು ಅಳಿವಿನ ಅಂಚಿಗೆ ತಂದಾಗಿದೆ. ಬೆಂಗಳೂರಿನ ಒಬ್ಬರ ನಿದ್ದೆಗೆ ಅಷ್ಟು ದೂರದ ಗುಡ್ಡ ಬರಿದಾಗಬೇಕಾಗಿಲ್ಲ. ಪೇಟೆಯ ಕ್ಯಾಮೊಮೈಲ್ ಚಹಾ ಸೌಮ್ಯವಾದದ್ದೇ, ಆದರೆ ಆ ಹೂವು ಸೇವಂತಿಗೆ ಮತ್ತು ಪಾರ್ಥೇನಿಯಂ ಕುಟುಂಬದ್ದು, ಆ ಜಾತಿಯ ಗಿಡಗಳು ಒಗ್ಗದವರು ಎಚ್ಚರವಾಗಿರಬೇಕು.

ಹೀಗೆ ಒಂದೊಂದಾಗಿ ತೆಗೆದಿಡುತ್ತಾ ಹೋದರೆ, ತೊಟ್ಟಿಲ ಮಗುವನ್ನು ಬಿಟ್ಟು ಉಳಿದೆಲ್ಲರಿಗೂ ಸಲ್ಲುವುದಾಗಿ ಉಳಿಯುವುದು ಕೊತ್ತಂಬರಿ, ಜೀರಿಗೆ, ಸೋಂಪು, ಏಲಕ್ಕಿ, ನಾಲ್ಕು ಎಲೆ ತುಳಸಿ, ಬಿಸಿ ಹಾಲು, ಅಂಗಾಲಿಗೆ ಎಣ್ಣೆ. ಸಾಹಸದ್ದೇನೂ ಇಲ್ಲದ ಪಟ್ಟಿ. ಮನೆಯಲ್ಲಿ ಎಲ್ಲರಿಗಿಂತ ದುರ್ಬಲರಾದವರೂ ಕುಡಿಯಬಹುದಾದದ್ದಷ್ಟೇ ಮನೆಯ ಪಾತ್ರೆಗೆ ಬೀಳಬೇಕು ಎಂಬ ನಿಯಮ ಹಾಕಿಕೊಂಡರೆ ಹೆಚ್ಚಿನ ತಪ್ಪುಗಳು ತಾವಾಗಿ ತಪ್ಪುತ್ತವೆ.

ಇಷ್ಟಾಗಿಯೂ ನಿದ್ದೆ ಬಾರದಿದ್ದರೆ ಪುಡಿ ಹೆಚ್ಚಿಸುವುದು ಪರಿಹಾರವಲ್ಲ. ವಾರದಲ್ಲಿ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೈಕೊಟ್ಟರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅದಕ್ಕೆ ಮಾತ್ರೆಗಿಂತ ಮೊದಲು ಮಲಗುವ ಅಭ್ಯಾಸ, ನಿದ್ದೆಯ ಬಗೆಗಿನ ಆತಂಕ ಇವುಗಳನ್ನು ತಿದ್ದುವ ಸಿಬಿಟಿ ಚಿಕಿತ್ಸೆ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘ ಎಸಿಪಿ 2016ರಲ್ಲೇ ಶಿಫಾರಸು ಮಾಡಿದೆ. ಗೊರಕೆಯ ನಡುವೆ ಉಸಿರು ಕಟ್ಟುವವರಿಗೆ ಯಾವ ಕಷಾಯವೂ ನಾಟದು, ಅದು ಉಸಿರಿನ ದಾರಿಯ ತೊಂದರೆ, ಅವರಿಗೆ ನಿದ್ದೆ ಬರಿಸುವ ಮದ್ದು ಇನ್ನಷ್ಟು ಅಪಾಯ.

ಮನೆಯಲ್ಲಿ ಮೊದಲು ಬದಲಾಗಬೇಕಾದದ್ದು ಸಂಜೆಯ ಕಾಫಿಯ ಹೊತ್ತು, ಆಮೇಲೆ ರಾತ್ರಿಯ ಊಟದ ಹೊತ್ತು, ಮೂರನೆಯದು ಹಾಸಿಗೆಯಲ್ಲಿ ಉರಿಯುವ ಫೋನು. ಈ ಮೂರು ಸರಿಯಾದ ಮನೆಯಲ್ಲಿ ತಿಳಿ ಕಷಾಯವೂ ಕೆಲಸ ಮಾಡುತ್ತದೆ. ಇವು ಸರಿಯಾಗದ ಮನೆಗೆ ಎಷ್ಟು ಗಟ್ಟಿ ಕಷಾಯ ಕಾಯಿಸಿದರೂ ಗ್ಯಾಸು ದಂಡ.